ಅಣ್ಣನನ್ನು ಕಳೆದುಕೊಂಡ ವಿದ್ಯಾರ್ಥಿನಿ, ಮಗನನ್ನು ಕಳೆದುಕೊಂಡ ತಂದೆತಾಯಿ: ಒಂದು ಹಳ್ಳಿ ಶಾಲೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಹಳೆ ಮೈಸೂರು ಭಾಗದ, ನಾಲೆ ನೀರಿನ ಬೇಸಾಯವಿರುವ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯದು. ಕುಟುಂಬದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಊರು, ವರ್ಷ, ಮನೆತನ ತಿಳಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ, ಯಾರ ಹೆಸರನ್ನೂ ಕೊಟ್ಟಿಲ್ಲ. ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿಯಾಗಿ ನಾನು ಆ ಶಾಲೆಗೆ ಹೋಗಿಬರುತ್ತಿದ್ದೆ. ಇಲ್ಲಿರುವುದರಲ್ಲಿ ಹೆಚ್ಚಿನದು ನಾಲ್ಕನೇ ತರಗತಿಯ ಶಿಕ್ಷಕಿ ಆಗಿಂದಾಗ ಬರೆದಿಟ್ಟುಕೊಂಡದ್ದು. ಮಿಕ್ಕದ್ದು ಮುಖ್ಯ ಶಿಕ್ಷಕರು ಮತ್ತು ಮಕ್ಕಳ ತಂದೆ ಹೇಳಿದ್ದು.

ಮನೆಯಲ್ಲಿದ್ದವರು ಐದು ಮಂದಿ: ಅಜ್ಜಿ, ಸ್ವಲ್ಪ ಕಬ್ಬಿನ ಗದ್ದೆ ಮತ್ತು ಎರಡು ಹಸು ಇಟ್ಟುಕೊಂಡಿದ್ದ ತಂದೆ, ತಾಯಿ, ಆರನೇ ತರಗತಿಯ ಮಗ, ನಾಲ್ಕನೇ ತರಗತಿಯ ಮಗಳು. ಮಗನಿಗೆ ಹನ್ನೊಂದು, ಮಗಳಿಗೆ ಒಂಬತ್ತು ವರ್ಷ. ಇಬ್ಬರೂ ಒಟ್ಟಿಗೆ ಶಾಲೆಗೆ ಬಂದು ಒಟ್ಟಿಗೆ ಹೋಗುತ್ತಿದ್ದರು, ಬಿಸಿಯೂಟಕ್ಕೆ ಅಕ್ಕಪಕ್ಕ ಕೂರುತ್ತಿದ್ದರು. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ ತಂದ ಎರಡು ಸ್ಟೀಲ್ ತಟ್ಟೆಗಳು ಅವರ ಚೀಲದಲ್ಲಿರುತ್ತಿದ್ದವು. ಈ ತಟ್ಟೆಯ ವಿಚಾರ ಮುಂದೆ ಬರುತ್ತದೆ.

ನಾಲೆ ಊರಿಗೆ ಅಂಟಿಕೊಂಡೇ ಹರಿಯುತ್ತದೆ. ಎರಡೂ ಬದಿಗೆ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಒಮ್ಮೆ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈ ಭಾಗದವರಿಗೆ ನಾಲೆಯ ಭಯ ಹೊಸದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ಅದನ್ನೆಲ್ಲ ಕೇಳಿ ಬೆಳೆದ ಹುಡುಗರೇ ನೀರು ಬಿಟ್ಟ ಕಾಲದಲ್ಲಿ ಮನೆಯವರ ಕಣ್ಣು ತಪ್ಪಿಸಿ ಈಜಲು ಹೋಗುತ್ತಾರೆ. ಆಗಸ್ಟ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಈ ಬಾಲಕ ಇಬ್ಬರು ಗೆಳೆಯರ ಜೊತೆ ಹೋದವನು ಮೇಲೆ ಬರಲಿಲ್ಲ. ಮರುದಿನ ಬೆಳಿಗ್ಗೆ ಕೆಳಗಿನ ತೂಬಿನ ಹತ್ತಿರ ಸಿಕ್ಕಿದ. ಪೊಲೀಸರ ಮಹಜರು, ತಾಲ್ಲೂಕು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮುಗಿದು ಸಂಜೆ ಸ್ವಂತ ಹೊಲದಲ್ಲೇ ಮಣ್ಣು ಮಾಡಿದರು. ಚಿಕ್ಕ ಹುಡುಗಿ ಹೆದರುತ್ತಾಳೆಂದು ತಂಗಿಯನ್ನು ಎರಡು ದಿನ ಪಕ್ಕದ ಬೀದಿಯ ನೆಂಟರ ಮನೆಯಲ್ಲಿ ಇರಿಸಿದ್ದರು. ಅವಳು ಅಣ್ಣನ ಮುಖವನ್ನೂ ನೋಡಲಿಲ್ಲ, ಮಣ್ಣು ಮಾಡಿದ್ದನ್ನೂ ನೋಡಲಿಲ್ಲ.

ಮೊದಲ ವಾರ ಶಾಲೆಯಲ್ಲಿ

ವಿದ್ಯಾರ್ಥಿಯೊಬ್ಬ ತೀರಿಕೊಂಡಾಗ ನಮ್ಮ ಶಾಲೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು: ಪ್ರಾರ್ಥನೆಯ ಸಾಲಿನಲ್ಲಿ ಒಂದು ನಿಮಿಷ ಮೌನ, ನಾಲ್ಕು ಮಾತು, ಆಮೇಲೆ ರಜೆ. ಇಲ್ಲಿ ಮುಖ್ಯ ಶಿಕ್ಷಕರು ಮೌನಾಚರಣೆಯವರೆಗೆ ರೂಢಿಯನ್ನು ಪಾಲಿಸಿ, ರಜೆಯನ್ನು ಮಾತ್ರ ಮಧ್ಯಾಹ್ನದ ಊಟದವರೆಗೆ ಮುಂದೂಡಿದರು. ಅಪ್ಪ ಅಮ್ಮ ಗದ್ದೆಗೋ ಸಾವಿನ ಮನೆಗೋ ಹೋಗಿರುವಾಗ ಮಕ್ಕಳನ್ನು ಬೀದಿಗೆ ಬಿಟ್ಟರೆ ಅವರು ನೇರವಾಗಿ ನಾಲೆ ಏರಿಯ ಮೇಲೆ ಹೋಗಿ ನಿಲ್ಲುತ್ತಾರೆ, ಅಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ನಂಬುತ್ತಾರೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಇಡೀ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಇದು ಎಂದು ನಾನು ಎಣಿಸುತ್ತೇನೆ.

ಆರನೇ ತರಗತಿಯ ಕೋಣೆಯಲ್ಲಿ ಆ ಹೊತ್ತಿಗಾಗಲೇ ನಾಲೆಯ ಗಾಳಿ ಹುಡುಗನ ಕಾಲು ಹಿಡಿದು ಎಳೆಯಿತು, ಅಮಾವಾಸ್ಯೆಗೆ ಇನ್ನೊಬ್ಬನನ್ನು ಎಳೆಯುತ್ತದೆ ಎಂಬ ಕಥೆ ಹುಟ್ಟಿತ್ತು. ತರಗತಿ ಶಿಕ್ಷಕರು ಅದನ್ನು ಹಾಸ್ಯ ಮಾಡಲಿಲ್ಲ, ಗದರಿಸಲೂ ಇಲ್ಲ. ನಾಲೆಯ ಅಡ್ಡಕೊಯ್ತದ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ನೀರಿನ ಸೆಳೆತ ಎಲ್ಲಿ ಹೆಚ್ಚು, ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕಾಲು ಏಕೆ ನಿಲ್ಲುವುದಿಲ್ಲ, ನೀರು ಕುಡಿದವರಿಗೆ ಉಸಿರು ಏಕೆ ಸಿಗುವುದಿಲ್ಲ ಎಂದು ವಿವರಿಸಿ, ನಿಮ್ಮ ಗೆಳೆಯ ಸತ್ತುಹೋಗಿದ್ದಾನೆ, ಅವನು ವಾಪಸು ಬರುವುದಿಲ್ಲ, ಇದು ಯಾವ ಗಾಳಿಯ ಕೆಲಸವೂ ಅಲ್ಲ ಎಂದು ನೇರವಾಗಿ ಹೇಳಿದರು. ಮಕ್ಕಳು ಕೇಳಿದ ಪ್ರಶ್ನೆಗಳು ದೊಡ್ಡವರಿಗೆ ಕಠಿಣವೆನಿಸುವಂಥವು: ಅವನಿಗೆ ನೋವಾಯಿತೆ, ಕಣ್ಣು ತೆರೆದಿತ್ತೆ, ಅವನ ಸೈಕಲ್ ಯಾರಿಗೆ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದರು. ಜೊತೆಯಲ್ಲಿದ್ದ ಇಬ್ಬರು ಹುಡುಗರು ಅಂದು ಬಂದಿರಲಿಲ್ಲ. ಅವರ ಮನೆಗೆ ಅದೇ ಸಂಜೆ ದೈಹಿಕ ಶಿಕ್ಷಕರು ಹೋದರು. ಅವರಿಬ್ಬರ ಕಥೆಯೇ ಬೇರೆ, ಅದಕ್ಕೆ ಇಲ್ಲಿ ಜಾಗ ಸಾಲದು. ಆದರೆ ಊರಿನವರ ಬಾಯಿಗೆ ಅವರು ಸಿಕ್ಕಿಬೀಳುವುದಕ್ಕೆ ಮುಂಚೆ ಶಾಲೆ ಅವರ ಬಾಗಿಲಿಗೆ ಹೋಯಿತೆಂಬುದನ್ನು ದಾಖಲಿಸಲೇಬೇಕು.

ಇನ್ನು ದಾಖಲೆಗಳ ಮಾತು. ಮಗು ಸತ್ತ ಮೇಲೂ ಶಾಲೆಯ ಯಂತ್ರ ಅದರ ಹೆಸರನ್ನು ಕೂಗುತ್ತಲೇ ಇರುತ್ತದೆ. ಹಾಜರಿ ಪುಸ್ತಕ, ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ, ವಿದ್ಯಾರ್ಥಿವೇತನದ ಪಟ್ಟಿ, ಪೋಷಕರ ವಾಟ್ಸಾಪ್ ಗುಂಪು, ಸಮವಸ್ತ್ರದ ಅಳತೆ, ಶೂ ಪಟ್ಟಿ, ಎಲ್ಲ ಕಡೆಯೂ ಆ ಹೆಸರಿರುತ್ತದೆ. ಮುಖ್ಯ ಶಿಕ್ಷಕರು ಒಂದು ಹಾಳೆಯ ಮೇಲೆ ಇವನ್ನೆಲ್ಲ ಬರೆದುಕೊಂಡು, ಯಾವುದರಿಂದಲೂ ಮನೆಯವರ ಫೋನಿಗೆ ಸಂದೇಶ ಹೋಗದಂತೆ ನೋಡಿಕೊಳ್ಳಲು ಒಬ್ಬ ಶಿಕ್ಷಕರಿಗೆ ಒಪ್ಪಿಸಿದರು. ಮರಣ ಪ್ರಮಾಣಪತ್ರದ ಪ್ರತಿಗಾಗಿ ತಂದೆಗೆ ಫೋನು ಮಾಡದೆ ಗ್ರಾಮ ಪಂಚಾಯಿತಿಯ ಸಿಬ್ಬಂದಿಯ ಮೂಲಕ ತರಿಸಿಕೊಂಡರು. ಆ ತಿಂಗಳು ಮುಗಿಯುವವರೆಗೆ ಹೆಸರು ಪುಸ್ತಕದಲ್ಲಿರುತ್ತದೆ, ಕೂಗುವುದಿಲ್ಲ ಎಂದು ತರಗತಿಗೆ ಮೊದಲೇ ತಿಳಿಸಿದ್ದರಿಂದ ಹಾಜರಿ ಕರೆಯುವಾಗ ಆ ಜಾಗದಲ್ಲಿ ಗುಸುಗುಸು ಏಳಲಿಲ್ಲ.

ಸಮಸ್ಯೆ: ತುಂಬ ಒಳ್ಳೆಯವಳಾಗಿಬಿಟ್ಟ ಹುಡುಗಿ

ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ತಂಗಿ ಶಾಲೆಗೆ ಬಂದಳು. ಅದಕ್ಕೆ ಮುಂಚೆ ಶಿಕ್ಷಕಿ ಒಮ್ಮೆ ಮನೆಗೆ ಹೋಗಿದ್ದರು. ಜಗಲಿಯಲ್ಲಿ ಕೂತಿದ್ದ ಹುಡುಗಿ ಅವರನ್ನು ಕಂಡವಳೇ ಕೇಳಿದ್ದು, ಗಣಿತದಲ್ಲಿ ಯಾವ ಪಾಠ ನಡೆಯುತ್ತಿದೆ ಎಂದು. ಅಲ್ಲಿದ್ದ ಹೆಂಗಸೊಬ್ಬರು, "ನೋಡಿ ಮೇಡಂ, ಮಗೀಗೆ ಏನೂ ಗೊತ್ತಾಗಿಲ್ಲ" ಎಂದರು. ಮಕ್ಕಳ ದುಃಖವನ್ನು ದೊಡ್ಡವರು ಓದುವುದರಲ್ಲಿ ಎಡವುವ ಜಾಗ ಇದೇ. ಒಂಬತ್ತು ವರ್ಷದ ಹೊತ್ತಿಗೆ ಬಹುತೇಕ ಮಕ್ಕಳಿಗೆ ಸಾವು ಮರಳದ್ದು, ಎಲ್ಲರಿಗೂ ಬರುವಂಥದು ಎಂಬುದು ತಿಳಿದಿರುತ್ತದೆ. ತಿಳಿದಿದ್ದರೂ ಅವರು ಆ ನೋವಿನಲ್ಲಿ ಎಡೆಬಿಡದೆ ನಿಲ್ಲಲಾರರು; ಐದು ನಿಮಿಷ ಅತ್ತು ಆರನೇ ನಿಮಿಷಕ್ಕೆ ಕುಂಟೆಬಿಲ್ಲೆಗೆ ಓಡುತ್ತಾರೆ, ರಾತ್ರಿ ಮತ್ತೆ ಅದಕ್ಕೇ ಮರಳುತ್ತಾರೆ. ದೊಡ್ಡವರ ಶೋಕವೂ ಕಳೆದುಹೋದದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ತೂಗಾಡುತ್ತಿರುತ್ತದೆಂದು 1999ರಲ್ಲಿ ಮಾರ್ಗರೇಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ವಿದ್ವಾಂಸರು ವಿವರಿಸಿದ್ದಾರೆ. ಮಕ್ಕಳಲ್ಲಿ ಆ ತೂಗಾಟ ಹೆಚ್ಚು ವೇಗದ್ದು, ಅಷ್ಟೇ.

ಶಾಲೆಯಲ್ಲಿ ಎಲ್ಲರೂ ಅವಳ ಮೇಲೆ ಮರುಕ ಸುರಿದರು. ಹೋಂವರ್ಕ್ ಮಾಫಿ, ಪ್ರಶ್ನೆ ಕೇಳುವಂತಿಲ್ಲ, ಕಸ ಗುಡಿಸುವ ಸರದಿಯಿಂದ ಹೆಸರು ತೆಗೆದರು. ಎದುರಿಗೆ ಬಂದ ಪ್ರತಿ ಶಿಕ್ಷಕರೂ ತಲೆ ಸವರಿ, "ಅಮ್ಮನ್ನ ಇನ್ನು ನೀನೇ ನೋಡ್ಕೋಬೇಕು ಪುಟ್ಟಿ, ಅವರೆದುರಿಗೆ ಅಳಬೇಡ" ಎನ್ನುತ್ತಿದ್ದರು. ಕೆಲವೇ ವಾರಗಳಲ್ಲಿ ಅವಳು ಅತ್ಯಂತ ಶಿಸ್ತಿನ ಹುಡುಗಿಯಾದಳು. ಜಗಳವಿಲ್ಲ, ಮಾತಿಲ್ಲ, ಆಟದ ಅವಧಿಯಲ್ಲಿ ಗೋಡೆಗೆ ಒರಗಿ ನಿಲ್ಲುವುದು, ಪಾತ್ರೆ ತೊಳೆಯುವ ಜಾಗದಲ್ಲಿ ಚಿಕ್ಕವರಿಗೆ ನೀರು ಹಾಕುವುದು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಊಟದ ಗಂಟೆ ಹೊಡೆದ ಕೂಡಲೇ, ಮನೆಗೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆಂದು ಅಪ್ಪಣೆ ಕೇಳುವುದು. ಇಷ್ಟು ಒಳ್ಳೆಯ ಹುಡುಗಿಯನ್ನು ಯಾರೂ ಸಮಸ್ಯೆಯೆಂದು ಗುರುತಿಸುವುದಿಲ್ಲ. ಗಲಾಟೆ ಮಾಡುವ ಮಗುವಿನ ದುಃಖ ಸ್ಟಾಫ್ ರೂಮಿನವರೆಗೆ ಬರುತ್ತದೆ, ಸುಮ್ಮನಿರುವ ಮಗುವಿನದು ಬರುವುದಿಲ್ಲ.

ಇನ್ನೊಂದು ಕಡೆ ತಾಯಿ ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲತೊಡಗಿದರು. ಒಳಗೆ ಬರುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಆರನೇ ತರಗತಿಯ ಹುಡುಗರು ಸಾಲಾಗಿ ಕೂತು ಉಣ್ಣುವುದನ್ನು ನೋಡಿ ಗಂಟೆ ಹೊಡೆದಾಗ ಹೊರಟುಹೋಗುತ್ತಿದ್ದರು. ತಂದೆ ಶಾಲೆಯ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಗದ್ದೆಗೆ ಹೋಗುತ್ತಿದ್ದರು.

ಮಾಡಿ ನೋಡಿದ್ದು

ಅಕ್ಟೋಬರಿನ ದಸರಾ ರಜೆ ಕಳೆದ ಮೇಲೆ ಶಿಕ್ಷಕಿ ಈ ವಿಚಾರವನ್ನು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಎತ್ತಿದರು. ಅಲ್ಲಿ ಬಂದ ಮೊದಲ ಸಲಹೆ, ಹುಡುಗಿಯನ್ನು ಆಪ್ತಸಮಾಲೋಚಕರ ಬಳಿಗೆ ಕಳಿಸಿ ಎಂಬುದು. ಕೆಟ್ಟ ಸಲಹೆಯೇನಲ್ಲ. ಆದರೆ ಜಿಲ್ಲಾ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಿಗುವ ಅಪರಿಚಿತರೊಬ್ಬರಿಗಿಂತ ವಾರದಲ್ಲಿ ಆರು ದಿನ ಕಣ್ಣೆದುರಿಗಿರುವ ಶಿಕ್ಷಕಿಯ ಕೈಯಲ್ಲಿ ಹೆಚ್ಚು ಕೆಲಸವಿದೆ, ಅದನ್ನು ಮೊದಲು ಮಾಡಿ, ಕಳಿಸಲೇಬೇಕಾದ ಸೂಚನೆಗಳು ಯಾವುವು ಎಂಬುದನ್ನು ಮಾತ್ರ ಈಗಲೇ ಗೊತ್ತುಮಾಡಿಕೊಳ್ಳೋಣ ಎಂದು ತೀರ್ಮಾನವಾಯಿತು. ನಿದ್ದೆ, ಊಟ ಪೂರಾ ಕೆಡುವುದು, ಸಾಯುವ ಮಾತಾಡುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಯಾರೊಡನೆಯೂ ಬೆರೆಯದಿರುವುದು ತಿಂಗಳುಗಟ್ಟಲೆ ಮುಂದುವರಿಯುವುದು, ಇವು ಆ ಸೂಚನೆಗಳು.

ಮೊದಲ ಕೆಲಸವಾಗಿ ವಿನಾಯಿತಿಗಳನ್ನು ಹಿಂದಕ್ಕೆ ತೆಗೆದುಕೊಂಡರು. ಗುಡಿಸುವ ಸರದಿಯಲ್ಲಿ ಹೆಸರು ಮತ್ತೆ ಬಂತು, ಮಗ್ಗಿ ಕೇಳಿದರು, ತಪ್ಪಿದಾಗ ಉಳಿದವರಂತೆ ತಿದ್ದಿಸಿದರು. ಇದನ್ನು ಕ್ರೌರ್ಯವೆಂದವರೂ ಶಾಲೆಯಲ್ಲಿದ್ದರು. ಆದರೆ ಎಲ್ಲವೂ ಬದಲಾದ ಮನೆಯಿಂದ ಬರುವ ಮಗುವಿಗೆ ಬದಲಾಗದ ವೇಳಾಪಟ್ಟಿಯೇ ಆಸರೆ ಎಂಬುದು ಎರಡೇ ವಾರದಲ್ಲಿ ಕಂಡಿತು: ಸರದಿಯ ದಿನ ಪೊರಕೆಗಾಗಿ ಪಕ್ಕದವಳೊಡನೆ ಜಗಳವಾಡಿದಳು, ಶಿಕ್ಷಕಿ ಅದನ್ನು ಸಂತೋಷದಿಂದ ಬರೆದಿಟ್ಟಿದ್ದಾರೆ. ಜೊತೆಗೆ ಒಂದೇ ಒಂದು ರಿಯಾಯಿತಿ ಉಳಿಸಿದರು. ಅಳು ಬಂದರೆ ಕೇಳದೆ ಎದ್ದು ಹೋಗಿ ಗ್ರಂಥಾಲಯದ ಮೂಲೆಯಲ್ಲಿ ಕೂತು ಬರಬಹುದು, ಯಾಕೆಂದು ಯಾರೂ ಪ್ರಶ್ನಿಸುವುದಿಲ್ಲ. "ಅಮ್ಮನನ್ನು ನೋಡಿಕೋ" ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಲ್ಲಿಸುವುದೆಂದಾಯಿತು. ಒಂಬತ್ತರ ಹುಡುಗಿ ಅದನ್ನು ಉಪಚಾರದ ಮಾತೆಂದು ಕೇಳುವುದಿಲ್ಲ, ಆಜ್ಞೆಯೆಂದು ಕೇಳುತ್ತಾಳೆ. ಅಮ್ಮನನ್ನು ನೋಡಿಕೊಳ್ಳಲು ಅಪ್ಪ, ಅಜ್ಜಿ, ಚಿಕ್ಕಮ್ಮ ಇದ್ದಾರೆ, ಅದು ದೊಡ್ಡವರ ಕೆಲಸ ಎಂದು ಶಿಕ್ಷಕಿ ಅವಳಿಗೆ ಹಲವು ಸಲ, ಬೇರೆ ಬೇರೆ ದಿನ ಹೇಳಬೇಕಾಯಿತು. ಪರಿಸರ ಅಧ್ಯಯನದಲ್ಲಿ ಕುಟುಂಬದ ಚಿತ್ರ ಬರೆಸುವ ಚಟುವಟಿಕೆ ಬಂದಾಗ ಹಿಂದಿನ ದಿನವೇ ಅವಳಿಗೆ ತಿಳಿಸಿ, ಅಣ್ಣನನ್ನು ಬರೆಯುವುದೋ ಬಿಡುವುದೋ ನಿನ್ನಿಷ್ಟ ಎಂದರು. ಅವಳು ಬರೆದಳು, ಎಲ್ಲರಿಗಿಂತ ದೊಡ್ಡದಾಗಿ.

ತಾಯಿಯ ವಿಚಾರದಲ್ಲಿ ಒಮ್ಮತ ಸುಲಭವಾಗಿ ಬರಲಿಲ್ಲ. ಮಕ್ಕಳು ಅವರನ್ನು ನೋಡಿ ಹೆದರುತ್ತಾರೆ, ಗಂಡನಿಗೆ ಹೇಳಿ ಮನೆಯಲ್ಲೇ ಇರಿಸಿಕೊಳ್ಳಲಿ ಎಂದು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಸದಸ್ಯರೊಬ್ಬರು ಒತ್ತಾಯಿಸಿದರು. ಮುಖ್ಯ ಶಿಕ್ಷಕರು ಗೇಟಿನ ಒಳಗೆ, ಜಗಲಿಯ ತುದಿಗೆ ಒಂದು ಕುರ್ಚಿ ಹಾಕಿಸಿದರು. ಊಟದ ಹೊತ್ತು ಮುಗಿಯುವವರೆಗೆ ಕೂತಿರಬಹುದು, ಪಾಠದ ಹೊತ್ತಿಗೆ ಹೊರಡಬೇಕು. ಈ ಕರಾರನ್ನು ಅವರೇ ತಾಯಿಗೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು. ಬಡಿಸುವ ಕೆಲಸ ಮುಗಿದ ಮೇಲೆ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಅವರೂ ಹಿಂದೆ ಮಗುವನ್ನು ಕಳೆದುಕೊಂಡವರು. ಇಬ್ಬರೂ ಏನು ಮಾತಾಡಿದರೆಂದು ಶಾಲೆಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಅಮ್ಮ ಕಣ್ಣೆದುರಿಗೇ ಕೂತಿರುವುದರಿಂದ ಮಗಳು ಊಟದ ಹೊತ್ತಿಗೆ ಮನೆಗೆ ಓಡುವುದು ನಿಂತಿತು. ಇದನ್ನು ಯಾರೂ ಯೋಜಿಸಿರಲಿಲ್ಲ.

ತಂದೆಯನ್ನು ಶಾಲೆಗೆ ಕರೆಸುವ ಪ್ರಯತ್ನ ಫಲಿಸಲಿಲ್ಲ. ಎರಡು ಸಲ ಹೇಳಿ ಕಳಿಸಿದರೂ ಬರಲಿಲ್ಲ. ಕೊನೆಗೆ ದೈಹಿಕ ಶಿಕ್ಷಕರು, ತಾವೂ ಅದೇ ಹೋಬಳಿಯವರಾದ್ದರಿಂದ, ಸಂಜೆ ಹಾಲಿನ ಡೈರಿಯ ಹತ್ತಿರ ಅವರು ಕ್ಯಾನ್ ಹಿಡಿದು ನಿಂತಿರುವಾಗ ಹೋಗಿ ಮಾತಿಗೆ ನಿಂತರು. ಮಗನ ಮಾತು ಎತ್ತಲಿಲ್ಲ. ಫ್ಯಾಟ್ ಎಷ್ಟು ಬಂತು, ಹಸು ಯಾವಾಗ ಈಯುತ್ತದೆ ಎಂಬುದರಲ್ಲೇ ಹಲವು ಸಂಜೆಗಳು ಹೋದವು. ಆಮೇಲೆ ಒಂದು ದಿನ ತಂದೆಯೇ, ಹುಡುಗನ ಪುಸ್ತಕಗಳು ಶಾಲೆಯಲ್ಲಿವೆಯೇ ಎಂದು ಕೇಳಿದರು. ತಿದ್ದುವುದಕ್ಕೆಂದು ಕೊಟ್ಟಿದ್ದ ಗಣಿತದ ನೋಟ್‌ಬುಕ್ಕು ಮತ್ತು ಒಂದು ಚಿತ್ರಕಲೆಯ ಹಾಳೆ ಇದ್ದವು. ಬೇಕೆಂದಾಗ ಕೊಡುತ್ತೇವೆ, ಬೇಡವಾದರೆ ಇಲ್ಲೇ ಜೋಪಾನವಾಗಿರುತ್ತದೆ ಎಂದು ಹೇಳಿ, ನಿರ್ಧಾರವನ್ನು ಅವರಿಗೇ ಬಿಟ್ಟರು. ಅವರು ಆಗ ಬೇಡವೆಂದರು.

ತಟ್ಟೆ

ನವೆಂಬರಿನಲ್ಲಿ ಊಟಕ್ಕೆ ಕೂತಾಗ ಶಿಕ್ಷಕಿಯ ಕಣ್ಣಿಗೆ ಬಿದ್ದದ್ದು ಹುಡುಗಿಯ ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದ ಅಣ್ಣನ ಹೆಸರು. ಅವಳು ಅದರಲ್ಲೇ ಉಂಡು, ತೊಳೆದು, ಬಟ್ಟೆಯಲ್ಲಿ ಒರೆಸಿ, ತನ್ನ ತಟ್ಟೆಯ ಒಳಗಿಟ್ಟು ಚೀಲಕ್ಕೆ ಸೇರಿಸುತ್ತಿದ್ದಳು. ಶಿಕ್ಷಕಿ ಸುಮ್ಮನಿದ್ದರು. ಆದರೆ ಅದೇ ವಾರ ಮನೆಯಲ್ಲಿ ತಾಯಿ ಆ ತಟ್ಟೆಗಾಗಿ ಹುಡುಕಾಡಿ, ಮಗಳ ಚೀಲದಲ್ಲಿ ಕಂಡು, ಕಿತ್ತುಕೊಂಡು ಹೊಡೆದರು. ಮಗನ ಬಟ್ಟೆಬರೆ ಇಟ್ಟಿದ್ದ ಪೆಟ್ಟಿಗೆಯಲ್ಲಿ ಅದನ್ನು ಅವರು ಮುಟ್ಟದೆ ಕಾಪಾಡಿಕೊಂಡಿದ್ದರು. ಮಗಳಿಗೆ ಅದರಲ್ಲಿ ಉಣ್ಣಬೇಕಿತ್ತು. ಇಬ್ಬರದೂ ಒಂದೇ ಹಂಬಲ, ಆದರೆ ಒಬ್ಬರ ಸಮಾಧಾನ ಇನ್ನೊಬ್ಬರ ಸಮಾಧಾನವನ್ನು ಹಾಳುಮಾಡುವಂತಿತ್ತು. ಒಂದೇ ಮನೆಯ ದುಃಖವನ್ನು ಒಂದೇ ದುಃಖವೆಂದು ತಿಳಿದು ನಡೆದರೆ ಶಾಲೆ ಎಲ್ಲಿ ತಪ್ಪುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಮರುದಿನ ಹುಡುಗಿ ಉಣ್ಣಲಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಶಿಕ್ಷಕಿ ಪಕ್ಕದಲ್ಲಿ ಕೂತು ಪುಸ್ತಕಗಳಿಗೆ ನಂಬರು ಅಂಟಿಸುತ್ತಿದ್ದರು, ಅವಳೂ ಅಂಟಿಸತೊಡಗಿದಳು. ಎದುರುಬದುರು ಕೂತು ಕೇಳಿದ್ದರೆ ಬಾರದ ಮಾತು ಕೈಗೆ ಕೆಲಸವಿದ್ದಾಗ ಬಂತು. "ಮಿಸ್, ಅಣ್ಣ ನಾಲೆಗೆ ಓಯ್ತಾನೆ ಅಂತ ನಂಗೊತ್ತಿತ್ತು. ಅಪ್ಪಂಗೆ ಯೋಳ್ಬ್ಯಾಡ ಅಂತ ಆಣೆ ಹಾಕುಸ್ಕಂಡಿದ್ದ. ನಾ ಯೋಳಿದ್ರೆ ಸಾಯ್ತಿರ್ಲಿಲ್ಲ." ಆಗಸ್ಟಿನಿಂದ ಅವಳು ಹೊತ್ತುಕೊಂಡಿದ್ದದ್ದು ಇದು. ಶಿಸ್ತು, ಹೊಟ್ಟೆನೋವು, ಅಮ್ಮನ ಕಾವಲು ಎಲ್ಲದರ ಬೇರು ಅಲ್ಲಿತ್ತು.

ಶಿಕ್ಷಕಿ ತಕ್ಷಣ "ನಿನ್ನ ತಪ್ಪಲ್ಲ ಬಿಡು" ಎನ್ನಲಿಲ್ಲ. ಆ ಮಾತು ನಿಜವೇ, ಆದರೆ ಬೇಗ ಹೇಳಿದರೆ ಮಗುವಿಗೆ ಬಾಯಿ ಮುಚ್ಚಿಸಿದಂತೆ ಕೇಳಿಸುತ್ತದೆ. ಅವನು ಯಾವಾಗಿನಿಂದ ಹೋಗುತ್ತಿದ್ದ, ಇನ್ಯಾರು ಹೋಗುತ್ತಿದ್ದರು, ಆಣೆ ಮುರಿದರೆ ಏನಾಗುತ್ತದೆಂದು ನೀನು ಅಂದುಕೊಂಡಿದ್ದೆ ಎಂದು ಒಂದೊಂದಾಗಿ ಕೇಳಿದರು. ಪೂರ್ತಿ ಹೇಳಿ ಮುಗಿಸಿದ ಮೇಲೆ, ಅಣ್ಣನ ಮೇಲಿನ ಪ್ರೀತಿಗೆ ನೀನು ಮಾತು ಉಳಿಸಿಕೊಂಡೆ, ಅವನು ಸಾಯುತ್ತಾನೆಂದು ನಿನಗೆ ಗೊತ್ತಿರಲಿಲ್ಲ, ಅವನನ್ನು ಕೊಂದದ್ದು ಜಾರುವ ದಂಡೆ ಮತ್ತು ಸೆಳೆತ ಎಂದರು. ಇದನ್ನು ಯಾರಿಗೂ ಹೇಳಬೇಡಿ ಎಂದು ಅವಳು ಕೇಳಿದಾಗ ಒಪ್ಪಿಕೊಳ್ಳಲಿಲ್ಲ. ಇಂಥ ಭಾರವಾದ ಗುಟ್ಟನ್ನು ಒಮ್ಮೆ ಹೊತ್ತವಳ ಮೇಲೆ ಇನ್ನೊಂದನ್ನು ಹೊರಿಸಿದಂತಾಗುತ್ತಿತ್ತು. ಯಾರಿಗೆ, ಯಾವಾಗ, ಹೇಗೆ ಹೇಳುವುದೆಂಬುದನ್ನು ಇಬ್ಬರೂ ಸೇರಿ ನಿರ್ಧರಿಸೋಣ ಎಂದರು.

ಆ ರಾತ್ರಿ ಶಿಕ್ಷಕಿ 14416ಕ್ಕೆ, ಅಂದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ, ತಾವೇ ಫೋನು ಮಾಡಿದರು. 2022ರ ಅಕ್ಟೋಬರ್ 10ರಂದು ಆರಂಭವಾದ, ಹಗಲಿರುಳು ಉಚಿತವಾಗಿ, ಕನ್ನಡದಲ್ಲೂ ಸಿಗುವ ಈ ಸೇವೆಗೆ ಕರೆ ಮಾಡಲು ರೋಗಿಯೇ ಆಗಿರಬೇಕಿಲ್ಲ ಎಂಬುದು ಬಹಳ ಶಿಕ್ಷಕರಿಗೆ ತಿಳಿದಿಲ್ಲ. ಯಾರಿಗೆ ಹೇಳಬೇಕೆಂಬುದನ್ನು ಹುಡುಗಿಯೇ ಆರಿಸಲಿ, ಹೇಳುವಾಗ ಅವಳು ಒಬ್ಬಳೇ ಇರಬಾರದು, ಹೇಳಿದ ಮೇಲಿನ ಕೆಲವು ದಿನ ಮನೆಯಲ್ಲಿ ಏನು ನಡೆಯುತ್ತದೆಂದು ಗಮನವಿಡಿ ಎಂಬ ಸಲಹೆ ಸಿಕ್ಕಿತು.

ಅವಳು ಅಪ್ಪನನ್ನು ಆರಿಸಿದಳು. ಡೈರಿಯ ಗೆಳೆತನ ಇಲ್ಲಿ ಉಪಯೋಗಕ್ಕೆ ಬಂತು. ದೈಹಿಕ ಶಿಕ್ಷಕರು ಕರೆದಾಗ ತಂದೆ ಮೊದಲ ಸಲ ಶಾಲೆಗೆ ಬಂದರು, ಅದೂ ಮಕ್ಕಳೆಲ್ಲ ಹೋದ ಮೇಲೆ. ಹುಡುಗಿಗೆ ಬಾಯಿ ಬರಲಿಲ್ಲ, ಶಿಕ್ಷಕಿಯೇ ಹೇಳಿದರು. ತಂದೆ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದು, "ನಂಗೂ ಗೊತ್ತಿತ್ತು ಕಣವ್ವ. ಒಂದ್ ದಪ ತಲೆ ಒದ್ದೆಯಾಗಿದ್ದು ನೋಡಿದ್ದೆ. ಬೈದು ಸುಮ್ಕಾದೆ" ಎಂದರು. ಶಾಲೆಯ ರಸ್ತೆ ತಪ್ಪಿಸಿ ಓಡಾಡುತ್ತಿದ್ದುದರ ಕಾರಣವೂ ಅದೇ ಎಂದು ಆಮೇಲೆ ತಿಳಿಯಿತು.

ಅಲ್ಲಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ತಂದೆ ರಾತ್ರಿ ಹೆಂಡತಿಗೆ ವಿಷಯ ತಿಳಿಸಿದರು. ತಾಯಿ ಮಗಳೊಡನೆ ಮಾತು ಬಿಟ್ಟರು. ಅಜ್ಜಿ ಶಾಲೆಗೆ ಬಂದು, "ಆರಿದ ಬೂದಿ ಯಾಕೆ ಕೆದಕುದ್ರಿ ಮೇಡಂ" ಎಂದು ಅಂಗಳದಲ್ಲೇ ಕೂಗಾಡಿದರು. ಶಿಕ್ಷಕಿ ವಾದಕ್ಕೆ ಹೋಗದೆ ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಬೂದಿ ಆರಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಒಂದು ತಕರಾರು ಉಳಿಯುತ್ತದೆ: ತಂದೆಗೆ ಹೇಳಿದ ಮೇಲೆ ಅವರು ತಾಯಿಗೆ ಯಾವಾಗ, ಹೇಗೆ ಹೇಳುತ್ತಾರೆ ಎಂಬುದನ್ನೂ ಆ ಬೈಠಕ್ಕಿನಲ್ಲೇ ಗೊತ್ತುಮಾಡಿಕೊಳ್ಳಬೇಕಿತ್ತು. ಹೆಜ್ಜೆ ಇಟ್ಟ ಶಾಲೆ ಮುಂದಿನ ಹೆಜ್ಜೆಯನ್ನು ಮನೆಯ ಕತ್ತಲೆಗೆ ಬಿಟ್ಟಿತು.

ತಾಯಿ

ಅದೇ ದಿನಗಳಲ್ಲಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದಾಗ ತಾಯಿ ಅಡುಗೆಯವರೊಡನೆ, "ನಾನೂ ಅವನಿಂದೇನೆ ಒಂಟೋಯ್ತೀನಿ" ಎಂದರು. ಅಡುಗೆಯವರು ಅದನ್ನು ಗೋಳಿನ ಮಾತೆಂದು ನುಂಗಿಕೊಳ್ಳದೆ ಮುಖ್ಯ ಶಿಕ್ಷಕರಿಗೆ ತಿಳಿಸಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅತ್ಯಂತ ಮುಖ್ಯವಾದ ತಿರುವು ತಟ್ಟೆಯಲ್ಲ, ಇದು. ಮುಖ್ಯ ಶಿಕ್ಷಕರು ಶಿಕ್ಷಕಿಯನ್ನು ಜೊತೆಗಿರಿಸಿಕೊಂಡು ತಾಯಿಯನ್ನು ನೇರವಾಗಿ ಕೇಳಿದರು: ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತದೆಯೆ, ಹೇಗೆಂದು ಯೋಚಿಸಿದ್ದೀರಾ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಎಲ್ಲರಿಗೂ ಇರುತ್ತದೆ, ಆದರೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದು ಈ ಕ್ಷೇತ್ರದವರ ಖಚಿತ ಅಭಿಪ್ರಾಯ. ಯೋಚನೆ ಬರುತ್ತದೆ, ನಿದ್ದೆ ಹತ್ತುವುದಿಲ್ಲ, ಅನ್ನ ಸೇರುವುದಿಲ್ಲ ಎಂದರು. ಆ ದಿನ ಅವರನ್ನು ಒಬ್ಬರೇ ಮನೆಗೆ ಕಳಿಸಲಿಲ್ಲ. ಗಂಡನನ್ನು ಕರೆಸಿ ತಿಳಿಸಿದರು, ಮನೆಯಲ್ಲಿದ್ದ ಬೆಳೆಯ ಔಷಧಿಗಳನ್ನು ಬೇರೆಡೆಗೆ ಸಾಗಿಸಲು ಹೇಳಿದರು, ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿದರು. ಆ ಮಂಗಳವಾರವೇ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೆ ಆಶಾ ಕಾರ್ಯಕರ್ತೆಯ ಜೊತೆ ಗಂಡಹೆಂಡತಿ ಹೋದರು.

ಇಷ್ಟು ಬೇಗ ವೈದ್ಯರ ಬಳಿಗೆ ಹೋಗಬೇಕೆ, ದುಃಖ ರೋಗವೇ ಎಂದು ಊರಿನಲ್ಲಿ ಮಾತು ಬಂತು. ದುಃಖ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲೂ ಬಿಡದ ಶೋಕವನ್ನು ಕಾಯಿಲೆಯೆಂದು ಗುರುತಿಸಲು ಕನಿಷ್ಠ ಆರು ತಿಂಗಳು ಕಳೆದಿರಬೇಕು, ಆ ಸಮಾಜದ ರೂಢಿಗೆ ಮೀರಿದ ತೀವ್ರತೆ ಇರಬೇಕು. ಆದರೆ ಪ್ರಾಣಕ್ಕೆ ಅಪಾಯವಿರುವಾಗ ತಿಂಗಳ ಲೆಕ್ಕ ನೋಡುವ ಮಾತಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದರಿಂದಲೇ ಶಾಲೆ ತಾಯಿಯನ್ನು ರೋಗಿಯೆಂದು ಕರೆಯದೆಯೂ ಆಸ್ಪತ್ರೆಗೆ ತಲುಪಿಸಿತು.

ನಿದ್ದೆ ಮೊದಲು ಮರಳಿತು, ಆಮೇಲೆ ಮಾತು. ಸಂಕ್ರಾಂತಿಯ ಹೊತ್ತಿಗೆ ತಾಯಿ ಶಾಲೆಗೆ ಬಂದು ಗಣಿತದ ನೋಟ್‌ಬುಕ್ಕು ಕೇಳಿದರು. ಆರನೇ ತರಗತಿಯ ಶಿಕ್ಷಕರು ಅದರಲ್ಲಿ ತಿದ್ದದೆ ಉಳಿದಿದ್ದ ಲೆಕ್ಕಗಳನ್ನು ಹಾಗೆಯೇ ಬಿಟ್ಟಿದ್ದರು. ತಿದ್ದಿ ಕೊಡಿ ಎಂದು ತಾಯಿಯೇ ಹೇಳಿದರು. ಎದುರಿಗೇ ಕೂತು ತಿದ್ದಿದರು, ಎರಡು ತಪ್ಪಿದ್ದವು, ತಪ್ಪೆಂದೇ ಗುರುತು ಹಾಕಿದರು. ತಟ್ಟೆಯ ಜಗಳವನ್ನು ಬಿಡಿಸಿದ್ದು ಶಾಲೆಯಲ್ಲ, ಅಜ್ಜಿ. ಹಬ್ಬದ ದಿನ ಮನೆಯಲ್ಲಿ ಅದರಲ್ಲಿ ಮಗಳಿಗೆ ಬಡಿಸುವುದು, ಉಳಿದ ದಿನ ಪೆಟ್ಟಿಗೆಯಲ್ಲಿ ಇಡುವುದು ಎಂಬ ಪಂಚಾಯಿತಿ ಅವರದೇ.

ಮುಂದಿನ ವರ್ಷಕ್ಕೆ

ಹುಡುಗಿ ಐದನೇ ತರಗತಿಗೆ ಬಂದಾಗ ಶಿಕ್ಷಕಿ ಹೊಸ ತರಗತಿ ಶಿಕ್ಷಕರಿಗೆ ಒಂದು ಪುಟ ಬರೆದುಕೊಟ್ಟರು. ಗುಟ್ಟಿನ ವಿಚಾರ ಅದರಲ್ಲಿರಲಿಲ್ಲ, ಹುಡುಗಿಯ ಅನುಮತಿ ಇರಲಿಲ್ಲವಾದ್ದರಿಂದ. ಇದ್ದದ್ದು ಇಷ್ಟು: ಅಣ್ಣ ತೀರಿಕೊಂಡ ತಿಂಗಳು, ಅವನ ಹುಟ್ಟಿದ ದಿನ, ರಕ್ಷಾಬಂಧನ, ಪಿತೃಪಕ್ಷದಲ್ಲಿ ಮನೆಯಲ್ಲಿ ಎಡೆ ಇಡುವ ಅಮಾವಾಸ್ಯೆ, ಈ ದಿನಗಳ ಹಿಂದುಮುಂದು ಗಮನವಿಡಿ; ಗ್ರಂಥಾಲಯದ ಮೂಲೆಯ ಅನುಮತಿ ಮುಂದುವರಿಯಲಿ; ಮರುಕದಿಂದ ಕೆಲಸ ತಪ್ಪಿಸಬೇಡಿ; ಈಜು ಮತ್ತು ನಾಲೆ ಸುರಕ್ಷತೆಯ ಪಾಠ ಮಾಡುವ ಹಿಂದಿನ ದಿನ ಅವಳಿಗೆ ತಿಳಿಸಿ. ಒಡಹುಟ್ಟಿದವರನ್ನೋ ಹೆತ್ತವರನ್ನೋ ಕಳೆದುಕೊಂಡ ಕೆಲವು ಮಕ್ಕಳಲ್ಲಿ ತೊಂದರೆ ಮೊದಲ ವರ್ಷಕ್ಕಿಂತ ಎರಡನೆಯ ವರ್ಷದಲ್ಲಿ ಹೊರಬೀಳುತ್ತದೆ, ಆ ಹೊತ್ತಿಗೆ ಊರು ಮರೆತಿರುತ್ತದೆ, ಶಿಕ್ಷಕರು ಬದಲಾಗಿರುತ್ತಾರೆ. ಈ ಒಂದು ಪುಟ ಬರೆಯುವ ರೂಢಿಯನ್ನು ಕ್ಲಸ್ಟರಿನ ಬೇರೆ ಶಾಲೆಗಳಲ್ಲೂ ತರಲು ಯತ್ನಿಸುತ್ತಿದ್ದೇವೆ. ಕೆಲವರು ಇದೂ ಒಂದು ಕಡತವೆಂದು ಗೊಣಗುತ್ತಾರೆ, ಕೆಲವರು ಬರೆಯುತ್ತಾರೆ.

ವರ್ಷದ ತಿಥಿಗೆ ಹುಡುಗಿಯನ್ನು ಹೊಲಕ್ಕೆ ಕರೆದೊಯ್ಯಬೇಕೆ ಎಂದು ತಂದೆ ಈ ಸಲ ತಾವಾಗಿ ಬಂದು ಕೇಳಿದರು. ಅವಳನ್ನೇ ಕೇಳಿ, ಅಲ್ಲಿ ಏನೇನು ನಡೆಯುತ್ತದೆಂದು ಮೊದಲೇ ವಿವರಿಸಿ, ಮಧ್ಯದಲ್ಲಿ ಬೇಡವೆನಿಸಿದರೆ ಕರೆದುಕೊಂಡು ಬರಲು ಒಬ್ಬರನ್ನು ಗೊತ್ತುಮಾಡಿ ಎಂದು ಶಿಕ್ಷಕಿ ಹೇಳಿದರು. ಅವಳು ಹೋದಳು, ಕೊನೆಯವರೆಗೂ ಇದ್ದಳು.

ಅಣ್ಣನ ತರಗತಿ ಈಗ ಏಳನೆಯದು. ಮಾರ್ಚಿನಲ್ಲಿ ಬೀಳ್ಕೊಡುಗೆ, ಗುಂಪಿನ ಫೋಟೋ, ಟಿ.ಸಿ. ಎಲ್ಲ ಇದೆ. ಫೋಟೋದಲ್ಲಿ ಅವನ ಚಿತ್ರ ಸೇರಿಸಬೇಕೆಂದು ಹುಡುಗರು ಕೇಳುತ್ತಿದ್ದಾರೆ. ಮುಖ್ಯ ಶಿಕ್ಷಕರು ಹುಡುಗರಿಗೆ ಹೂಂ ಎನ್ನದೆ ಮೊದಲು ತಂದೆತಾಯಿಯನ್ನು ಕೇಳಿದ್ದಾರೆ. ತಂದೆ ಆಗಲಿ ಎಂದಿದ್ದಾರೆ, ತಾಯಿ ಇನ್ನೂ ಏನೂ ಹೇಳಿಲ್ಲ. ಅವರು ಹೇಳುವವರೆಗೆ ಫೋಟೋದ ದಿನವನ್ನು ಶಾಲೆ ಗೊತ್ತುಮಾಡಿಲ್ಲ.